ಖೈತಾನ್‌ನ ಬಾತ್ ಟಬ್ಬಿನಲ್ಲಿ ಒಂದು ಅಲೆ

ವಿಮಾನ ನಿಲ್ದಾಣ

ಕುವೈತಿಗೆ ನಾನು ಇಳಿದದ್ದು ಬೆಳಿಗ್ಗೆ ಎಂದು ನನ್ನ ದಿನಚರಿ ಹೇಳುತ್ತದೆ. ಸಂಜೆ ಎಂದು ನನಗೆ ನೆನಪು. ಅಕ್ಕನನ್ನು ಕೇಳಿದರೆ, “ಮಟಮಟ ಮಧ್ಯಾಹ್ನ. ನಿನ್ನ ಮಾರಿ ಸುಟ್ಟ ಬದನಿಕಾಯಿ ಆಗಿತ್ತು” ಎನ್ನುತ್ತಾಳೆ. ಇಂಥವನ ಮಾತನ್ನು ಎಷ್ಟು ನಂಬಬೇಕೆಂಬುದು ಓದುಗರಿಗೆ ಬಿಟ್ಟದ್ದು. ಧಾರವಾಡದ ಕಾಲೇಜೊಂದರಲ್ಲಿ ಕಲಾ ಇತಿಹಾಸ ಪಾಠ ಮಾಡುವ ನನಗೆ ಸಾವಿರ ವರ್ಷದ ಹಿಂದಿನ ಗುಡಿಯ ಕಂಬದ ಬಗ್ಗೆ ಖಚಿತವಾಗಿ ಮಾತಾಡಲು ಬರುತ್ತದೆ. ನಾನೇ ಕಣ್ಣಾರೆ ಕಂಡದ್ದರ ಬಗ್ಗೆ ಮಾತ್ರ ಅನುಮಾನ.

ಅನುಮಾನವಿಲ್ಲದ ಸಂಗತಿಯೆಂದರೆ ನನ್ನ ಕೈಯಲ್ಲಿ ಉಂಡಿಯ ಡಬ್ಬಿ ಇತ್ತು. ನಮ್ಮ ಕಡೆ ಪಂಚಮಿಗೆ ತಮ್ಮನಾದವನು ಹೋಗಿ ಅಕ್ಕನನ್ನು ತವರಿಗೆ ಕರೆತರಬೇಕು. ಅಕ್ಕ ಶಕುಂತಲಾ, ಭಾವ ಬಸವರಾಜ, ಮಗಳು ಪಲ್ಲವಿ ಕುವೈತಿನ ಖೈತಾನ್ ಬಡಾವಣೆಯಲ್ಲಿ ನೆಲೆಸಿ ವರ್ಷಗಳಾಗಿದ್ದವು. ಆ ಶ್ರಾವಣದಲ್ಲಿ ಭಾವನಿಗೆ ರಜೆ ಸಿಗಲಿಲ್ಲ. ಅಕ್ಕ ಬರುವುದಿಲ್ಲವೆಂದು ಗೊತ್ತಾದ ಕೂಡಲೇ ಅವ್ವ ತವರನ್ನೇ ಡಬ್ಬಿಗೆ ತುಂಬಿದಳು. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಗುಳ್ಳಡಕಿ ಉಂಡಿ. ಡಬ್ಬಿಯ ಜೊತೆಗೆ ನನ್ನನ್ನೂ ವಿಮಾನಕ್ಕೆ ತುಂಬಿದಳು.

ಕಸ್ಟಮ್ಸಿನ ಪರದೆಯ ಮೇಲೆ ಅವ್ವನ ಉಂಡಿಗಳು ಸಾಲಾಗಿ ಕೂತ ತೋಪಿನ ಗುಂಡುಗಳಂತೆ ಕಂಡವು. ಅಧಿಕಾರಿ ಡಬ್ಬಿ ತೆಗೆಸಿ, ಒಂದನ್ನು ಬೆರಳಿನಿಂದ ಒತ್ತಿ ನೋಡಿದ. ಅದು ಜಗ್ಗಲಿಲ್ಲ. ಅವನ ಅನುಮಾನ ಹೆಚ್ಚಿತು. ನಾನು ಸಿಹಿ ಎಂದೆ. ಅವನು ನನ್ನ ಬಾಯಿ ತೋರಿಸಿದ. ತಿಂದೆ. ಬೇರೆ ಬಣ್ಣದ್ದನ್ನು ತೋರಿಸಿದ. ಅದನ್ನೂ ತಿಂದೆ. ಹೀಗೆ ಒಂದೊಂದು ಜಾತಿಯದನ್ನೂ ತಿಂದು, ಬೆಲ್ಲ ಹಲ್ಲಿಗೆ ಅಂಟಿ ಮಾತು ನಿಂತಾಗ ಅವನಿಗೆ ಸಮಾಧಾನವಾಯಿತು. ತಾನೂ ಒಂದು ಶೇಂಗಾ ಉಂಡಿ ಬಾಯಿಗೆ ಹಾಕಿಕೊಂಡು “ಯಲ್ಲಾ, ಯಲ್ಲಾ” ಎಂದು, ಇನ್ನು ನಡಿ ಎನ್ನುವಂತೆ ಕೈಬೀಸಿದ. ಅವನು ತಿಂದದ್ದು ಒಂದೇ ಎಂದು ದಿನಚರಿಯಲ್ಲಿದೆ. ಡಬ್ಬಿಯಲ್ಲಿದ್ದ ಖಾಲಿ ಜಾಗ ನೋಡಿದ ಅಕ್ಕ ಅದನ್ನು ಈಗಲೂ ನಂಬುವುದಿಲ್ಲ.

ಹೊರಗೆ ಭಾವ ನಿಂತಿದ್ದರು. ಬಾಗಿಲು ದಾಟಿದ್ದೇ ಗಾಳಿ, ಭಕ್ಕರಿ ಬೇಯಿಸುವ ಹಂಚನ್ನು ಮುಖದ ಹತ್ತಿರ ಹಿಡಿದಂತೆ ಬಡಿಯಿತು. ಕಾರಿನಲ್ಲಿ ಕೂರುವ ಮೊದಲೇ ಭಾವ ಗಂಟಲು ಸರಿಮಾಡಿಕೊಂಡರು.

“ವಿಜಯಾ, ಒಂದು ಮಾತು ಮೊದ್ಲ ಹೇಳ್ತೇನಿ. ಮನ್ಯಾಗ ಜಳಕಕ್ಕ ತುಸು ತ್ರಾಸ ಐತಿ.”

“ನೀರಿಲ್ಲೇನ್ರಿ ಭಾವ?”

“ನೀರೈತಿ. ಟಬ್ಬಿನ್ಯಾಗ ಒಂದು ಅಲೆ ಐತಿ.”

ಖೈತಾನ್

ಭಾವ ಲೋಹದ ಎರಕ ಹೊಯ್ಯುವ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಗೇಟು, ಕಂಬ, ಕಾರಂಜಿಯ ಬಿಡಿಭಾಗ ಮಾಡುತ್ತಿದ್ದ ಆ ಕಾರ್ಖಾನೆಗೆ ಆ ವರ್ಷ ವಿಚಿತ್ರವಾದ ಕೆಲಸ ಬಂದಿತ್ತು. ರುಮೈಥಿಯಾದ ಶ್ರೀಮಂತರೊಬ್ಬರು ತಮ್ಮ ಮನೆಯ ಅಂಗಳಕ್ಕೆ ಕಂಚಿನ ಅಲೆಯೊಂದನ್ನು ಮಾಡಿಸಲು ಅರ್ಜೆಂಟೀನಾದಿಂದ ಶಿಲ್ಪಿಯನ್ನು ಕರೆಸಿದ್ದರು. ಮೊದಲು ಜೇಡಿಮಣ್ಣಿನಲ್ಲಿ ಮಾದರಿ ಮಾಡಬೇಕು. ಯಜಮಾನರು ಅದನ್ನು ನೋಡಿ ಒಪ್ಪಬೇಕು. ಒಪ್ಪಿದ ಮೇಲೆ ಅದರಿಂದ ಅಚ್ಚು ತೆಗೆದು ಕಂಚು ಹೊಯ್ಯುವುದು. ಆದರೆ ಕಾರ್ಖಾನೆಯ ಏಸಿ ಕೆಟ್ಟು, ಮೊದಲ ಮಾದರಿ ಒಂದೇ ಮಧ್ಯಾಹ್ನದಲ್ಲಿ ಬೇಸಿಗೆಯ ಕೆರೆಯಂತೆ ಬಿರಿದುಹೋಯಿತು. ತಂಪಾದ, ತೇವವಾದ ಜಾಗ ಬೇಕೆಂದು ಶಿಲ್ಪಿ ತಲೆ ಹಿಡಿದು ಕೂತಾಗ ಭಾವ ಕನಿಕರದಿಂದ “ನಮ್ಮ ಮನ್ಯಾಗ ಟಬ್ ಐತ್ರಿ” ಎಂದುಬಿಟ್ಟಿದ್ದರು.

ಆ ಟಬ್ಬಿನಲ್ಲಿ ಯಾರೂ ಯಾವತ್ತೂ ಮಲಗಿ ಸ್ನಾನ ಮಾಡಿದವರಲ್ಲ. ಅದರಲ್ಲಿ ಅಕ್ಕ ಒಗೆಯುವ ಬಟ್ಟೆ ನೆನೆಸುತ್ತಿದ್ದಳು. ಅದರೊಳಗೇ ಬಕೆಟ್ ಇಟ್ಟು ಎಲ್ಲರೂ ತಂಬಿಗೆಯಿಂದ ನೀರು ಹೊಯ್ದುಕೊಳ್ಳುತ್ತಿದ್ದರು. ಈಗ ಅಲ್ಲಿ ಒದ್ದೆ ಬಟ್ಟೆ ಹೊದ್ದು ಏನೋ ನಿಂತಿತ್ತು, ನನ್ನ ಮೊಣಕಾಲಿಗಿಂತ ತುಸು ಎತ್ತರ. ಬಟ್ಟೆ ಸರಿಸಿದೆ. ಬುಡದಿಂದ ಸುರುಳಿ ಸುತ್ತಿಕೊಂಡು ಮೇಲೆದ್ದು, ತುದಿಯಲ್ಲಿ ಅಗಲವಾಗಿ ಮುಂದಕ್ಕೆ ಬಾಗಿದ ಬೂದು ಬಣ್ಣದ ಅಲೆ. ಕಲಾ ಇತಿಹಾಸದ ಮೇಷ್ಟ್ರಾಗಿ ನನಗೆ ಅದು ಅಲೆಯಾಗಿಯೇ ಕಂಡಿತು. ನನ್ನ ಓದು ಅಷ್ಟಕ್ಕೇ ಸೀಮಿತವಾಗಿತ್ತು.

ಅಲೆಯ ಹಿಂದಿನಿಂದ ಒಬ್ಬ ಮನುಷ್ಯ ಎದ್ದು ನಿಂತ. ಉದ್ದನೆಯ ದೇಹ, ಬಿಳಿ ಮೀಸೆ, ಕಿವಿಯೊಳಗೂ ಮಣ್ಣು. ನಾನು ಕಿರುಚಿದೆನೆಂದು ಅಕ್ಕ ಹೇಳುತ್ತಾಳೆ. ದಿನಚರಿಯಲ್ಲಿ ಆ ವಿವರವಿಲ್ಲ.

ಅವರ ಹೆಸರು ಅನೀಬಲ್. ಅಕ್ಕ ಅವರನ್ನು ಅನಿಲ್ ಸಾಹೇಬರು ಎನ್ನುತ್ತಿದ್ದಳು. ಹಗಲೆಲ್ಲ ನಮ್ಮ ಬಚ್ಚಲಲ್ಲಿ ಮೊಣಕಾಲೂರಿ ಕೆಲಸ ಮಾಡಿ ರಾತ್ರಿ ಕಾರ್ಖಾನೆಯ ಮೇಲಿನ ಕೋಣೆಗೆ ಮಲಗಲು ಹೋಗುತ್ತಿದ್ದರು. ಅವರಿದ್ದಾಗ ಯಾರಿಗಾದರೂ ಅವಸರವಾದರೆ ಎದುರು ಫ್ಲ್ಯಾಟಿನ ಜಯಕ್ಕನ ಮನೆಗೆ ಓಡಬೇಕಿತ್ತು. ಜಯಕ್ಕ ಉಡುಪಿ ಕಡೆಯವರು. ಬಾಗಿಲು ತೆಗೆದು, “ಬನ್ನಿ ಬನ್ನಿ, ಎಂತ ಸಂಕೋಚ, ನಿಮ್ಮದೇ ಬಚ್ಚಲು” ಎಂದು ಇಡೀ ಮಹಡಿಗೆ ಕೇಳುವಂತೆ ಸ್ವಾಗತಿಸುತ್ತಿದ್ದರು.

ನನಗೂ ಕೆಲಸ ಕಾದಿತ್ತು. ಶಿಲ್ಪಿಯ ಬದುಕು ಮತ್ತು ಸಾಧನೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬೇಕೆಂದು ರುಮೈಥಿಯಾದ ಯಜಮಾನರು ಕೇಳಿದ್ದರಂತೆ. ಭಾವ ಕಾರ್ಖಾನೆಯಲ್ಲಿ “ನನ್ನ ಹೆಂಡ್ತಿ ತಮ್ಮ ಪ್ರೊಫೆಸರ್ ಅದಾನ, ಉಂಡಿ ತಗೊಂಡು ಬರಾಕ್ಹತ್ತಾನ, ಅವನ ಬರೀತಾನ” ಎಂದು ಒಪ್ಪಿಕೊಂಡಿದ್ದರು. ಇನ್ನೂ ಒಂದು ಕೆಲಸ: ಶಿಲ್ಪಿ ಇಲ್ಲದಾಗ ಅಲೆಗೆ ನೀರು ಚಿಮುಕಿಸಿ ಅದನ್ನು ಒದ್ದೆಯಾಗಿಡುವುದು. ಟಬ್ಬಿನ ತಳದಲ್ಲಿ ಬೆರಳುದ್ದ ನೀರು ನಿಂತಿರಬೇಕೆಂದು ಅನೀಬಲ್ ಹೇಳಿದ್ದರಿಂದ ತೂಬಿನ ಮುಚ್ಚಳ ಹಾಕಿದವನೂ ನಾನೇ.

ನೀರು ಚಿಮುಕಿಸುತ್ತ ಅವರ ಬದುಕು ಕೇಳಿದೆ. ಅವರ ಇಂಗ್ಲಿಷು ನನ್ನದಕ್ಕಿಂತ ಕುಂಟುತ್ತಿತ್ತು, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಮೂವತ್ತು ವರ್ಷ ಅವರು ಚಿತ್ರಕಾರರಾಗಿದ್ದರು. ಬರೆದದ್ದು ಬರೀ ಕುದುರೆಗಳು. ಆಮೇಲೆ ಕುಂಚ ಬಿಟ್ಟು ಮಣ್ಣು ಹಿಡಿದರು.

“ಯಾಕೆ ಬಿಟ್ಟಿರಿ?”

“ನನ್ನ ತಮ್ಮ ಒದ್ದೆ ಚಿತ್ರದ ಮೇಲೆ ಕೂತ. ಎದ್ದಾಗ ಕುದುರೆಯ ಹಿಂಭಾಗ ಅವನ ಚಡ್ಡಿಯ ಮೇಲಿತ್ತು. ಕ್ಯಾನ್ವಾಸಿನಲ್ಲಿದ್ದುದಕ್ಕಿಂತ ಚೆನ್ನಾಗಿತ್ತು. ಗುಂಡಗಿತ್ತು. ಅವತ್ತೇ ನಿರ್ಧಾರ ಮಾಡಿದೆ.”

ನಾನು ಗಂಭೀರವಾಗಿ ಬರೆದುಕೊಂಡೆ.

ರುಮೈಥಿಯಾ

ಯಜಮಾನರನ್ನು ಎಲ್ಲರೂ ಬೂ ಖಾಲಿದ್ ಎನ್ನುತ್ತಿದ್ದರು, ಅಂದರೆ ಖಾಲಿದನ ಅಪ್ಪ. ಗಂಡಸಿಗೆ ವಯಸ್ಸಾದ ಮೇಲೆ ಮಗನ ಹೆಸರಿನಿಂದ ಕರೆಯುವುದು ಅಲ್ಲಿ ಗೌರವ. ನಮ್ಮ ಓಣಿಯಲ್ಲಿ ಹೆಂಗಸರಿಗೆ ಮಾತ್ರ ಈ ಗೌರವವುಂಟು. ಅಕ್ಕನನ್ನು ಖೈತಾನ್‌ನಲ್ಲೂ ಪಲ್ಲವಿ ಅವ್ವ ಎಂದೇ ಕರೆಯುತ್ತಾರೆ.

ಗೋಡೆಯುದ್ದಕ್ಕೂ ದಿಂಬು ಹಾಕಿದ ಉದ್ದನೆಯ ಬೈಠಕ್ಕಿನ ಕೋಣೆ. ನಮ್ಮೂರ ಹನುಮಪ್ಪನ ಗುಡಿಕಟ್ಟೆಗೆ ಏಸಿ ಹಾಕಿ ಗಾಲಿಚಾ ಹಾಸಿದರೆ ಹೀಗಿರುತ್ತದೆ: ಅದೇ ಗಂಡಸರು, ಅದೇ ಕಾಲು ಚಾಚುವಿಕೆ, ಅವೇ ಮುಗಿಯದ ಮಾತು. ತಿಳಿ ಹಳದಿ ಬಣ್ಣದ ಏಲಕ್ಕಿ ಕಾಫಿ ಪುಟ್ಟ ಬಟ್ಟಲಲ್ಲಿ ಬಂತು. ಕುಡಿದೆ. ಮತ್ತೆ ಹಾಕಿದರು. ನಾನು ಧಾರವಾಡದವರಂತೆ ಅಂಗೈ ಅಡ್ಡ ಹಿಡಿದು “ಸಾಕ್ರಿ ಸಾಕ್ರಿ” ಎಂದೆ. ನಮ್ಮಲ್ಲಿ ಹಾಗೆಂದರೆ ಇನ್ನೊಂದು ಸಲ ಹಾಕಿ ಎಂದರ್ಥ. ಅಲ್ಲಿಯೂ ಹಾಗೆಯೇ ಆಯಿತು. ಪಕ್ಕದಲ್ಲಿ ಅನೀಬಲ್ ಪ್ರತಿ ಸಲವೂ “ಗ್ರಾಸಿಯಾಸ್” ಎಂದು ಧನ್ಯವಾದ ಹೇಳುತ್ತಿದ್ದರು. ಅವರ ದೇಶದಲ್ಲಿ ಸೋರೆಬುರುಡೆಯಲ್ಲಿ ಕುಡಿಯುವ ಕಷಾಯವೊಂದಿದೆಯಂತೆ. ಅದಕ್ಕೆ ಧನ್ಯವಾದ ಹೇಳಿದರೆ ಇನ್ನು ಬೇಡವೆಂದು ತಿಳಿಯುತ್ತಾರಂತೆ. ಇಲ್ಲಿ ಧನ್ಯವಾದ ಹೇಳಿದಷ್ಟೂ ಕಾಫಿ ಬಂತು. ಇಬ್ಬರ ಕಣ್ಣುಗುಡ್ಡೆಗಳೂ ಕಿತ್ತುಬರುವಂತಾದಾಗ ಭಾವ ತಮ್ಮ ಖಾಲಿ ಬಟ್ಟಲನ್ನು ಎರಡು ಸಲ ಅಲ್ಲಾಡಿಸಿ ಕೊಟ್ಟರು. ಸುರಿಯುವವನು ಮುಂದೆ ಹೋದ.

“ಮೊದ್ಲ ಹೇಳಬಾರದೇನ್ರಿ ಭಾವ?”

“ನೀವಿಬ್ಬರೂ ಕಲಿತವ್ರು. ಗೊತ್ತಿರತೈತಿ ಅಂದ್ಕೊಂಡೆ.”

ಬೂ ಖಾಲಿದರಿಗೆ ಹಳೇ ಮುಂಬಯಿಯ ಹಿಂದಿ ಬರುತ್ತಿತ್ತು. ಅವರ ಅಜ್ಜ ಹಾಯಿಹಡಗಿನಲ್ಲಿ ಖರ್ಜೂರ ತುಂಬಿಕೊಂಡು ನಮ್ಮ ಕರಾವಳಿಗೆ ಬರುತ್ತಿದ್ದವರು. ಆ ಅಜ್ಜನ ನೆನಪಿಗೆ ಅಲೆ ಬೇಕಿತ್ತು. “ಖಡಾ ಮಾಂಗ್ತಾ. ಊಂಚಾ” ಎಂದು ಕೈ ಎತ್ತಿ ತೋರಿಸಿದರು. ನೆಟ್ಟಗೆ ನಿಂತ, ಎತ್ತರದ ಅಲೆ. ಶನಿವಾರ ಬೆಳಿಗ್ಗೆ ತಾವೇ ಖೈತಾನ್‌ಗೆ ಬಂದು ಮಾದರಿ ನೋಡುತ್ತೇವೆ, ಮನಸ್ಸಿಗೆ ಬಂದರೆ ಸರಿ, ಬಾರದಿದ್ದರೆ ಖಲಾಸ್, ಯಾರಿಗೂ ಬೇಜಾರು ಬೇಡ ಎಂದರು.

ಬೇಜಾರಾಗುವವರು ಒಬ್ಬರಿದ್ದರು. ಮರಳುವಾಗ ಕಾರಿನಲ್ಲಿ ಅನೀಬಲ್ ಹೇಳಿದರು. ಇಲ್ಲಿಯವರೆಗೆ ಅವರ ಒಂದು ಶಿಲ್ಪವನ್ನೂ ಯಾರೂ ಕಂಚಿಗೆ ಹಾಕಿಲ್ಲ. ಊರಲ್ಲಿ ಮಾಂಸದ ಹೋಟೆಲಿನವನೊಬ್ಬ ಕಾದಿದ್ದಾನೆ. ಇದು ಕೈಕೊಟ್ಟರೆ ಅವನ ಹೋಟೆಲಿನ ಗೋಡೆಗಳಿಗೆ ಕುದುರೆ ಬರೆದುಕೊಡಬೇಕು, ಮುಂಬಾಗಿಲಿನಿಂದ ಪಾಯಖಾನೆಯವರೆಗೆ.

“ನನಗೆ ಅರವತ್ತಾಯಿತು. ಇನ್ನೊಂದು ಕುದುರೆ ಬರೆಯದೆ ಸಾಯಬೇಕು ಅಂತ ಆಸೆ.”

“ಕುದುರೆ ಅಂದರೆ ಅಷ್ಟು ಬೇಸರ ಯಾಕೆ?”

“ಒಬ್ಬರು ನನ್ನ ಚಿತ್ರ ಕೊಂಡು ಥಂಡಿ ಗೋಡೆಗೆ ಹಾಕಿದರು. ಕುದುರೆಗೆ ಬೂಷ್ಟು ಬಂತು. ನೋಡಿದರೆ ಮೈ ತುಂಬಿಕೊಂಡಿತ್ತು, ನಾನು ಎಷ್ಟು ಬಣ್ಣ ಹಚ್ಚಿದರೂ ಹಾಗೆ ತುಂಬಿರಲಿಲ್ಲ. ಅವತ್ತೇ ಕುಂಚ ಬಿಟ್ಟೆ.”

“ತಮ್ಮ ಕೂತದ್ದರಿಂದ ಬಿಟ್ಟಿರಿ ಅಂದಿದ್ದಿರಿ.”

“ಅದೂ ಹೌದು” ಎಂದು ಕಿಟಕಿಯಾಚೆ ನೋಡಿದರು.

ಹಳೇ ಸೂಕ್

ಶುಕ್ರವಾರ ಪಂಚಮಿ. ಅಲ್ಲಿ ಶುಕ್ರವಾರವೇ ವಾರದ ರಜೆಯಾದ್ದರಿಂದ ಹಬ್ಬ ತಾನಾಗಿ ರಜೆಯ ಮೇಲೆ ಬಂದು ಕೂತಿತ್ತು. ಬೆಳಿಗ್ಗೆ ಅಲೆಗೆ ಕೊನೆಯ ಕೈ ಹಚ್ಚಿ, ಒದ್ದೆ ಬಟ್ಟೆ ಹೊದಿಸಿದ ಅನೀಬಲ್ ಸಂಜೆಯವರೆಗೆ ಅದನ್ನು ನೋಡಬಾರದೆಂದರು. ನೋಡಿದರೆ ಕೈ ಸುಮ್ಮನಿರುವುದಿಲ್ಲ, ಹಾಳುಮಾಡುತ್ತೇನೆ ಎಂದು ಹೆದರಿದ್ದರು. ಅಕ್ಕ ಬಹಳ ಖುಷಿಯಿಂದ “ವಿಜ್ಯಾ, ಅನಿಲ್ ಸಾಹೇಬರ್ನ ಸಿಟಿ ಕಡೆ ಅಡ್ಡಾಡಿಸಿಕೊಂಡು ಬಾ. ಲಗೂನ ಬರಬ್ಯಾಡ್ರಿ” ಎಂದಳು. ಆ ಕೊನೆಯ ಮಾತನ್ನು ನಾನು ಆಗಲೇ ಯೋಚಿಸಬೇಕಿತ್ತು.

ಕುವೈತ್ ಸಿಟಿಯ ಹಳೇ ಸೂಕಿನಲ್ಲಿ, ಅಂದರೆ ಅಲ್ಲಿಯ ಪೇಟೆಯಲ್ಲಿ, ಮಾಡಿನ ಕೆಳಗಿನ ನೆರಳಿನಲ್ಲಿ, ಖರ್ಜೂರದ ರಾಶಿಗಳ ನಡುವೆ ಅಡ್ಡಾಡಿದೆವು. ಅನೀಬಲ್ ಏನನ್ನೂ ಬರೀ ನೋಡಿ ಬಿಡುವವರಲ್ಲ. ಒಣಗಿದ ನಿಂಬೆಹಣ್ಣು ಒತ್ತಿದರು, ಬಟಾಟೆ ತೂಗಿ ನೋಡಿದರು, ಮೀನಿನಂಗಡಿಯಲ್ಲಿ ದೊಡ್ಡ ಮೀನೊಂದರ ಕೆನ್ನೆ ಸವರಿದರು. ಅಂಗಡಿಯವನು “ಲೇನಾ ಹೈ ತೋ ಲೋ ಭಾಯಿ, ಪ್ಯಾರ್ ಮತ್ ಕರೋ” ಎಂದ.

ಒಂದು ಪುಟ ಬರೆಯಬೇಕಾದ ನಾನು ಮತ್ತೆ ಕೇಳಿದೆ. ಈ ಸಲ, ಟರ್ಪೆಂಟೈನಿನ ವಾಸನೆ ಒಗ್ಗದೆ ವೈದ್ಯರು ಬಣ್ಣ ಬಿಡಿಸಿದರೆಂದು ಉತ್ತರ ಬಂತು. ನನಗೆ ರೇಗಿತು. ತಮ್ಮ, ಬೂಷ್ಟು, ವೈದ್ಯ, ಇದರಲ್ಲಿ ನಿಜ ಯಾವುದು?

“ಒಂದೇ ಕುದುರೆಯನ್ನು ಮೂವತ್ತು ವರ್ಷ ಬರೆದೆ” ಎಂದರು. “ಇದರಲ್ಲಿ ನಿಜವಾದ ಕುದುರೆ ಯಾವುದು ಅಂತ ಯಾರೂ ಕೇಳಲಿಲ್ಲ. ನೀವು ಮಾತ್ರ ಪೊಲೀಸರ ಹಾಗೆ ಕೇಳುತ್ತೀರಿ.”

ಎಲ್ಲವನ್ನೂ ದಿನಚರಿಯ ಜೊತೆ ತಾಳೆ ನೋಡುವ ನನ್ನ ಸ್ವಭಾವಕ್ಕೆ ಈ ಮಾತು ನಾಟಿತು. ಒಂದು ಖರ್ಜೂರ ತಿಂದೆ.

ಮತ್ತೆ ಖೈತಾನ್

ಮೆಟ್ಟಿಲು ಹತ್ತಿ ಬಂದರೆ ಬಾಗಿಲಾಚೆ ಚಪ್ಪಲಿಗಳ ಗುಡ್ಡೆ. ಎಲ್ಲವೂ ಹೆಂಗಸರವು. ಒಳಗೆ ಅತ್ತರು, ಮಲ್ಲಿಗೆ, ಊದಿನಕಡ್ಡಿ. ಪಡಸಾಲೆಯಿಂದ ಬಚ್ಚಲಿನವರೆಗೆ ಇಳಕಲ್ಲ ಸೀರೆಗಳ ಸಾಲು. ಪ್ರತಿಯೊಬ್ಬಳ ಕೈಯಲ್ಲೂ ಒಣಕೊಬ್ಬರಿ ಬಟ್ಟಲು, ಬೆಲ್ಲ ಕರಗಿಸಿದ ಹಾಲಿನ ಪಾತ್ರೆ. ಸಾಲಿನ ಕೊನೆಯಲ್ಲಿ ಪಲ್ಲವಿ ಕಾಲು ಮಡಚಿ ನಿಂತು, “ಮಮ್ಮಿ, ಸಮ್‌ವನ್ ರಿಯಲಿ ನೀಡ್ಸ್ ದ ಟಾಯ್ಲೆಟ್” ಎನ್ನುತ್ತಿದ್ದಳು.

“ಎದುರು ಮನಿಗಿ ಹೋಗು” ಎಂದು ಬಚ್ಚಲೊಳಗಿಂದ ಅಕ್ಕನ ದನಿ ಬಂತು.

ನನಗೆ ಆಗ ಹೊಳೆಯಿತು. ನಮ್ಮ ಕಡೆ ಪಂಚಮಿಯ ದಿನ ಹುತ್ತಕ್ಕೋ ಮಣ್ಣಿನ ನಾಗಪ್ಪನಿಗೋ ಹಾಲೆರೆಯುತ್ತಾರೆ. ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿ, ಮನೆಮಂದಿಯ ಹೆಸರೊಂದಕ್ಕೆ ಒಂದು ಪಾಲು ಹಾಕುವುದು ರೂಢಿ. ಕುವೈತಿನಲ್ಲಿ ಹುತ್ತವೆಲ್ಲಿ? ಪ್ರತಿ ವರ್ಷ ಈ ಹೆಂಗಸರು ಮಣೆಯ ಮೇಲೆ ಸುಣ್ಣದ ಕಡ್ಡಿಯಿಂದ ನಾಗಪ್ಪನನ್ನು ಬರೆದು, ಚಮಚೆಯಲ್ಲಿ ಹಾಲು ತೋರಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಹಬ್ಬ ಮುಗಿಸುತ್ತಿದ್ದರು. ಈ ವರ್ಷ ಶ್ರಾವಣದಲ್ಲಿ, ಅಕ್ಕನ ಟಬ್ಬಿನಲ್ಲಿ, ಸುರುಳಿ ಸುತ್ತಿ ಹೆಡೆಯೆತ್ತಿದ ಹಸಿ ಮಣ್ಣು ತಾನಾಗಿ ಬಂದು ನಿಂತಿತ್ತು.

ಹೆಂಗಸರ ನಡುವೆ ನುಗ್ಗುವಂತಿಲ್ಲ. ಹೊರಗೇ ನಿಂತು ಕೂಗಿದೆ. “ಅಕ್ಕಾ, ಅದು ಅಲೆ!”

“ಗೊತ್ತೈತಿ ಬಿಡೋ. ಇವತ್ತೊಂದು ದಿನ ನಾಗಪ್ಪ ಆದ್ರ ಅದರದೇನು ಗಂಟು ಹೋಗತೈತಿ? ನಾಳೆ ಮತ್ತ ಅಲೆ ಆಗಲಿ. ನೀ ನೀರು ಹಾಕ್ತಿದ್ದಿ, ನಾವು ಹಾಲು ಹಾಕಾಕ್ಹತ್ತೇವಿ. ತೇವ ಇದ್ರ ಆತಿಲ್ಲೋ?”

ವಾದದಲ್ಲಿ ಹುಳುಕಿರಲಿಲ್ಲ. ಹುಳುಕಿದ್ದದ್ದು ಹಾಲಿನ ಪ್ರಮಾಣದಲ್ಲಿ. ಒಳಗಿಂದ ಕೇಳುತ್ತಿತ್ತು: “ದೇವ್ರ ಪಾಲು. ಗುರುವಿನ ಪಾಲು. ಅವ್ವನ ಪಾಲು. ಅಪ್ಪನ ಪಾಲು.” ಆಗ ಸರದಿ ಬಾಗಲಕೋಟೆಯ ಸುಮಿತ್ರಾಳದು. ಅವಳ ತವರಿನಲ್ಲಿ ಮನೆತುಂಬ ಜನ, ಗಂಡನ ಮನೆಯಲ್ಲಿ ಅದಕ್ಕೂ ಹೆಚ್ಚು. ಅಣ್ಣಂದಿರು, ಅತ್ತಿಗೆಯರು, ಮೈದುನರು, ನಾದಿನಿಯರು, ಅವರ ಮಕ್ಕಳು, ಎಲ್ಲರಿಗೂ ಬಟ್ಟಲು ತುಂಬ ಪಾಲು ಬಿತ್ತು. ಎಲ್ಲ ಮುಗಿಯಿತು ಎನ್ನುವಾಗ, “ಕಫೀಲನ ಪಾಲು” ಎಂದಳು.

ಕಫೀಲನೆಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ. ಸಾಲಿನಲ್ಲಿದ್ದವರಿಗೆಲ್ಲ ಈ ವಿಚಾರ ಹೊಸದು, ಮತ್ತು ಬಹಳ ಸರಿ ಎನಿಸಿತು. ಈಗಾಗಲೇ ಎರೆದಾದವರೂ ಕಫೀಲನ ಪಾಲು ಹಾಕಲು ತಿರುಗಿ ಬಂದರು.

ಅನೀಬಲ್ ನನ್ನ ತೋಳು ಹಿಡಿದು ಏನಾಗುತ್ತಿದೆಯೆಂದು ಕೇಳಿದರು. ಹೇಗೆ ಹೇಳಲಿ ಎಂದು ನಾನು ಇಂಗ್ಲಿಷು ಹುಡುಕುತ್ತಿರುವಾಗಲೇ ಒಳಗೆ ‘ದೊಪ್’ ಎಂದಿತು. ಒದ್ದೆ ಹಾಸಿಗೆ ಮೇಲಿಂದ ಬಿದ್ದ ಹಾಗೆ.

“ಅಯ್ಯೋ ದೇವರೇ” ಎಂದು ಜಯಕ್ಕನ ದನಿ ಕೇಳಿಸಿತು. “ನಾಗ ಮಲಗಿತು ಮಾರಾಯ್ರೆ! ನಮ್ಮಲ್ಲಿ ಹೀಗಾದ್ರೆ ಭಟ್ಟರನ್ನು ಕರೆಸಬೇಕು.”

“ಮಲಗಿಲ್ಲ” ಎಂದಳು ಅಕ್ಕ. “ಹೊಟ್ಟಿ ತುಂಬೇತಿ.”

ಅನೀಬಲ್ ಸೀರೆಗಳ ಸಾಲನ್ನು ಸೀಳಿಕೊಂಡು ಒಳಗೆ ಹೋದರು. ನಾನೂ ಹಿಂದೆಯೇ ನುಗ್ಗಿದೆ. ತೂಬು ಮುಚ್ಚಿದ್ದ ಟಬ್ಬಿನಲ್ಲಿ ಹಾಲು ಗೇಣುದ್ದ ನಿಂತು ಅಲೆಯ ಬುಡವನ್ನು ಮೆತ್ತಗೆ ಮಾಡಿತ್ತು. ನೆಟ್ಟಗೆ ನಿಂತಿದ್ದದ್ದು ಈಗ ಒಂದು ಮಗ್ಗುಲಿಗೆ ಒರಗಿ, ತಲೆಯನ್ನು ಹಾಲಿಗೆ ಇಟ್ಟು ಮಲಗಿತ್ತು. ಮೇಲೆ ಅರಿಶಿನ, ಕುಂಕುಮ, ಒಂದು ಮಲ್ಲಿಗೆ ದಂಡೆ.

ಅನೀಬಲ್ ಕೂಗಿದರು. ಸ್ಪ್ಯಾನಿಷಿನಲ್ಲಿ, ಕೈ ಮೇಲೆತ್ತಿ, ಉಸಿರು ತೆಗೆದುಕೊಳ್ಳದೆ. ಆ ಭಾಷೆಗೆ ಒಂದು ಲಯವಿದೆ. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು ಕೈಮುಗಿದರು. ಸುಮಿತ್ರಾ ಪಕ್ಕದವಳಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು: “ಮಂತ್ರ ಭಾಳ ಸ್ವಚ್ಛ ಹೇಳ್ತಾರ ನೋಡ್ರಿ.”

ಉಸಿರು ಮುಗಿದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಅವರು ಚಿಲಕ ಹಾಕಿಕೊಂಡರು.

ಪಡಸಾಲೆಯಲ್ಲಿ ಹೆಂಗಸರು ಉಂಡಿಯ ತಟ್ಟೆ ಹಿಡಿದು ಕೂತರು, ಯಾರೂ ತಿನ್ನಲಿಲ್ಲ. ಯಜಮಾನರು ನಾಳೆ ಬೆಳಿಗ್ಗೆ ಬರುವವರಿದ್ದಾರೆ, ನೆಟ್ಟಗೆ ನಿಂತ ಅಲೆ ಕೇಳಿದ್ದಾರೆ ಎಂದು ಹೇಳಿದೆ. ಮಾಂಸದ ಹೋಟೆಲಿನ ಕತೆಯನ್ನೂ ಹೇಳಿದೆ. ಅಕ್ಕನ ಮುಖ ಇಳಿಯಿತು. “ಪಾಪ, ಪಾಯಖಾನಿ ಗ್ವಾಡಿಗೂ ಬರೀಬೇಕಂತೇನೋ?” ಎಂದು ಇನ್ನೊಮ್ಮೆ ಕೇಳಿ, ಎದ್ದು ಹೋಗಿ ಬಚ್ಚಲ ಬಾಗಿಲ ಮುಂದೆ ಒಂದು ತಟ್ಟೆ ಉಂಡಿ ಇಟ್ಟು ಬಂದಳು.

ನಾನು ಬಾಗಿಲಿಗೆ ಒರಗಿ ಕೂತು, ಪಾಲು ಹಾಕುವುದೆಂದರೇನೆಂದು ಒಳಗಿದ್ದವರಿಗೆ ವಿವರಿಸಿದೆ. ದೂರದ ಊರಲ್ಲಿರುವವರ ಒಬ್ಬೊಬ್ಬರ ಹೆಸರಿಗೂ ಒಂದೊಂದು ಬಟ್ಟಲು ಎಂದೆ.

ಒಳಗಿಂದ ಉತ್ತರ ಬಂತು. “ಇಷ್ಟು ಜನ ಸಾಲುಗಟ್ಟಿ ನಿಂತದ್ದು ನನ್ನ ಮಣ್ಣಿಗೆ ಹಾಲು ಕೊಡಲಿಕ್ಕೋ?”

“ಹೌದು.”

“ಮೂವತ್ತು ವರ್ಷ ಜನ ನನ್ನ ಚಿತ್ರಗಳ ಮುಂದೆ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತು ಹೋಗುತ್ತಿದ್ದರು. ನನ್ನ ಕುದುರೆಗೆ ಒಬ್ಬರೂ ಹುಲ್ಲು ತರಲಿಲ್ಲ.”

ಕುಂಚ ಬಿಟ್ಟದ್ದಕ್ಕೆ ಇದು ನಾಲ್ಕನೆಯ ಕಾರಣವೋ, ಮೊದಲ ಮೂರನ್ನೂ ಹುಟ್ಟಿಸಿದ ಕಾರಣವೋ ಕೇಳಲಿಲ್ಲ. ಪೊಲೀಸರಂತೆ ಕೇಳಬಾರದೆಂದು ಅವತ್ತೇ ಕಲಿತಿದ್ದೆ. ಅವರು ಹೀಗೆ ಹೇಳಿದ್ದು ನಿಜವೇ ಎಂಬ ಅನುಮಾನ ಆಗಾಗ ಬರುತ್ತದೆ. ದಿನಚರಿಯಲ್ಲಿ ಆ ದಿನದ ಕೆಳಗೆ ‘ಹಾಲು ಖಾಲಿ, ಚಹಾ ಇಲ್ಲ’ ಎಂದಷ್ಟೇ ಇದೆ.

ಚಿಲಕ ಸರಿದು ಬಾಗಿಲು ಬೆರಳಗಲ ತೆರೆಯಿತು. ಒಂದು ಕೈ ಹೊರಬಂದು ಚಮಚೆ ಬೇಕೆಂದು ಸನ್ನೆ ಮಾಡಿತು. ಅಕ್ಕ ಓಡಿಹೋಗಿ ತಂದಳು. ಕೈ ಚಮಚೆ ತೆಗೆದುಕೊಂಡಿತು, ಆಮೇಲೆ ಮತ್ತೆ ಬಂದು ಉಂಡಿಯ ತಟ್ಟೆಯನ್ನೂ ಎಳೆದುಕೊಂಡಿತು.

ಸಂಜೆ ಹೊರಗೆ ಬಂದಾಗ ಅವರ ಮೀಸೆಯಲ್ಲಿ ಎಳ್ಳಿತ್ತು. “ಎತ್ತಿ ನಿಲ್ಲಿಸಿದರೆ ಬಿರಿಯುತ್ತದೆ. ಅದು ಹೇಗೆ ಬಿತ್ತೋ ಹಾಗೇ ಬಿಟ್ಟಿದ್ದೇನೆ. ಬೀಳದೆ ಹಟ ಮಾಡುತ್ತಿದ್ದದ್ದನ್ನು ಮಾತ್ರ ತೆಗೆದೆ” ಎಂದರು. ತೂಬಿಗೆ ಮಣ್ಣು ಕಟ್ಟಿಕೊಂಡು ಹಾಲು ಇಳಿಯಲೇ ಇಲ್ಲ. ಅದು ಅಲ್ಲೇ ಉಳಿಯಿತು.

ಬೂ ಖಾಲಿದರ ಭೇಟಿ

ಶನಿವಾರ ಬೆಳಗಾಗುವಷ್ಟರಲ್ಲಿ ಹಾಲು ಒಡೆದಿತ್ತು. ಅಕ್ಕ ಇದ್ದಬದ್ದ ಊದಿನಕಡ್ಡಿಯನ್ನೆಲ್ಲ ಹಚ್ಚಿದಳು. ಈಗ ಬಚ್ಚಲು, ಯಾರೋ ಗುಡಿಯೊಳಗೆ ಮೊಸರು ಚೆಲ್ಲಿದಂತೆ ನಾರುತ್ತಿತ್ತು.

ಬೂ ಖಾಲಿದ್ ಬಂದರು. ಬಚ್ಚಲ ಬಾಗಿಲಲ್ಲಿ ನಿಂತು ಮೂಗು ಅಗಲಿಸಿದರು. ಬಿಳಿ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಟಬ್ಬಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಭಾವನ ಅಂಗಿ ಏಸಿಯಲ್ಲೂ ಒದ್ದೆಯಾಗಿತ್ತು. ಅನೀಬಲ್ ಗೋಡೆ ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಮತ್ತು ಜಯಕ್ಕ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು.

“ಗಿರ್ ಗಯಾ?” ಎಂದರು ಬೂ ಖಾಲಿದ್. ಬಿತ್ತೇ?

ಅವರು ನೋಡುತ್ತ ನೋಡುತ್ತ ಸಣ್ಣಗೆ ನಗತೊಡಗಿದರು. ಆ ನಗು ಹೊಟ್ಟೆಗೆ ಇಳಿದು, ಟಬ್ಬಿನ ಅಂಚು ಹಿಡಿದುಕೊಳ್ಳುವಷ್ಟಾಯಿತು. ಕಣ್ಣೊರೆಸಿಕೊಂಡು ಹಿಂದಿಯಲ್ಲಿ ಹೇಳಿದ್ದು ಇಷ್ಟು: ಅಜ್ಜ ಹಡಗು ಬಿಟ್ಟ ಮೇಲೆ ಮತ್ತೆ ಸಮುದ್ರಕ್ಕೆ ಹೋಗಲಿಲ್ಲ. ಹೊಸ ಮನೆಗೆ ಇಂಥದೇ ಬಿಳಿ ಟಬ್ಬು ಹಾಕಿಸಿದಾಗ ದಿನಾ ಅದರ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಅದನ್ನು ಬೈಯುತ್ತಿದ್ದ. ಇಷ್ಟೇನಾ ನೀನು, ಇದಕ್ಕೊಂದು ಸಮುದ್ರ ಅಂತ ಹೆಸರಾ, ಎದ್ದೇಳು ನೋಡೋಣ ಎಂದು. ಟಬ್ಬು ಯಾವತ್ತೂ ಏಳಲಿಲ್ಲ. ಮನೆಯವರು ಅಡಗಿ ನಿಂತು ಕೇಳಿ ನಗುತ್ತಿದ್ದರು.

“ಯಹೀ ಮಾಂಗ್ತಾ” ಎಂದರು. ಇದೇ ಬೇಕು. ಇಷ್ಟೇ ದೊಡ್ಡದು, ಹೀಗೇ ಮಲಗಿದ್ದು. ಎದ್ದು ನಿಂತು ಟಬ್ಬಿನ ಅಂಚಿಗೆ ಎರಡು ಸಲ ತಟ್ಟಿದರು. “ಯೇ ಭೀ.” ಟಬ್ಬೂ ಬೇಕು.

ಭಾವ ಮೆಲ್ಲಗೆ, ಟಬ್ಬು ಕಟ್ಟಡದ ಮಾಲೀಕರದು ಎಂದರು. ಬೂ ಖಾಲಿದ್ ಅಲ್ಲೇ ಫೋನು ಹಚ್ಚಿ, ಯಾರೊಂದಿಗೋ ಎರಡು ಮಾತು ಜಗಳವಾಡಿ, ನಾಲ್ಕು ಮಾತು ನಕ್ಕು, ಖಲಾಸ್ ಎಂದು ಫೋನು ಮುಚ್ಚಿದರು. ಅಕ್ಕನಿಗೆ ಹೊಸ ಟಬ್ಬು ಕಳಿಸುವುದಾಗಿ ಹೇಳಿದರು.

ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಳು. “ಟಬ್ ನಕ್ಕೋ ಸಾಬ್” ಎಂದಳು, ಇಷ್ಟು ವರ್ಷ ಯಾರಾದರೂ ಕೇಳಲಿ ಎಂದು ಕಾದವಳಂತೆ. “ಏಕ್ ಪತ್ಥರ್ ದೇವ್. ಅರಿವಿ ಒಗಿಯಾಕ.”

ಯಜಮಾನರಿಗೆ ಅರ್ಥವಾಗಲಿಲ್ಲ. ಅನೀಬಲ್‌ಗೆ ನಾನು ಹೇಳಿದೆ: ಬಟ್ಟೆ ಒಗೆಯುವ ಕಲ್ಲು, ಇಷ್ಟೆತ್ತರ, ಮುಂದಕ್ಕೆ ಇಳಿಜಾರು. ಬಗ್ಗಿ ಬಟ್ಟೆ ಎತ್ತಿ ಬಡಿಯುವುದನ್ನು ಅಕ್ಕ ಅಭಿನಯಿಸಿ ತೋರಿಸಿದಳು. ಅನೀಬಲ್ ಬಹಳ ಗಮನವಿಟ್ಟು ನೋಡಿದರು. ಎಲ್ಲಿ ಹೆಚ್ಚು ಪೆಟ್ಟು ಬೀಳುತ್ತದೆ, ನೀರು ಯಾವ ಕಡೆ ಹರಿಯಬೇಕು ಎಂದೆಲ್ಲ ಕೇಳಿದರು. ಎರಕದ ಕೆಲಸ ಕಾರ್ಖಾನೆಯಲ್ಲಿ ನಡೆಯುವಷ್ಟು ದಿನ ಅವರು ನಮ್ಮ ಕಟ್ಟಡದ ತಾರಸಿಯ ಮೇಲೆ, ಟಬ್ಬು ಕಿತ್ತ ಜಾಗಕ್ಕೆ ಅಳತೆ ತೆಗೆದುಕೊಂಡು, ಕಲ್ಲು ಕೆತ್ತುತ್ತಿದ್ದರು. ಅರ್ಜೆಂಟೀನಾದ ಚಿತ್ರಕಾರರೊಬ್ಬರ ಮೊಟ್ಟಮೊದಲ ಶಿಲಾಕೃತಿಯ ಮೇಲೆ ಇವತ್ತಿಗೂ ಭಾವನ ಬನಿಯನ್ನುಗಳು ಪೆಟ್ಟು ತಿನ್ನುತ್ತಿವೆ.

ಸಮುದ್ರ

ಒಂದು ತೊಡಕು ಉಳಿದಿತ್ತು. ಹಾಲೆರೆದ ನಾಗನನ್ನು ಹಾಗೇ ಕಾರ್ಖಾನೆಯಲ್ಲಿ ಬಿಸಾಡುವ ಹಾಗಿಲ್ಲ ಎಂದು ಜಯಕ್ಕ ಪಟ್ಟು ಹಿಡಿದಿದ್ದರು. “ನೀರಿಗೆ ಬಿಡಬೇಕು. ಇಲ್ಲದಿದ್ರೆ ನನಗೆ ನಿದ್ದೆ ಬರುದಿಲ್ಲ, ನಿಮಗೂ ಬರುದಿಲ್ಲ, ನಾನು ಬರ್ಲಿಕ್ಕೆ ಬಿಡುದಿಲ್ಲ.” ಹೆದರುತ್ತ ಅನೀಬಲ್‌ಗೆ ಹೇಳಿದೆ. ಅವರು ಭುಜ ಕುಣಿಸಿದರು. ಅಚ್ಚು ತೆಗೆಯುವಾಗ ಮಣ್ಣಿನ ಮಾದರಿ ಹೇಗೂ ಚೂರುಚೂರಾಗುತ್ತದೆ, ಯಾವ ಶಿಲ್ಪಿಗೂ ಅದು ಉಳಿಯುವುದಿಲ್ಲ ಎಂದರು. ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದಾಗ, “ಹಂಗಾದ್ರ ಅವರದೂ ನಮ್ಮದೂ ಒಂದ ಶಾಸ್ತ್ರ ಆತಲ್ಲೋ” ಎಂದಳು.

ಒಂದು ಸಂಜೆ ಬಕೆಟ್ಟಿನಲ್ಲಿ ಮಣ್ಣು ತುಂಬಿಕೊಂಡು ದಂಡೆಗೆ ಹೋದೆವು. ಅಲ್ಲಿ ಗಾಳ ಹಾಕಿ ಕೂತಿದ್ದ ಒಬ್ಬರು ಬಕೆಟ್ಟಿನಲ್ಲಿ ಎಂಥ ಮೀನು ಎಂದು ವಿಚಾರಿಸಿದರು. ಭಾವ “ಬರೀ ಮಣ್ಣು” ಎಂದದ್ದಕ್ಕೆ ಅವರಿಗೆ ನಮ್ಮ ಮೇಲೆ ಕನಿಕರ ಹುಟ್ಟಿತು. ಅಕ್ಕ ಕೊಬ್ಬರಿ ಬಟ್ಟಲಿಗೆ ಹಾಲು ಹಾಕಿ ಅನೀಬಲ್ ಕೈಗೆ ಕೊಟ್ಟಳು. ಅವರು ಎಲ್ಲವನ್ನೂ ನೋಡಿ ಕಲಿತಿದ್ದರು. ಅವ್ವನ ಪಾಲು, ಅಪ್ಪನ ಪಾಲು ಎಂದು ತಮ್ಮ ಭಾಷೆಯಲ್ಲಿ ಹೇಳಿ ಎರೆದರು. ತಮ್ಮನ ಪಾಲು ಎನ್ನುವಾಗ ಚಡ್ಡಿಯ ಹಿಂಭಾಗ ತಟ್ಟಿಕೊಂಡು ತೋರಿಸಿದರು. ಕುದುರೆಯ ಪಾಲು. ಟಬ್ಬಿನ ಪಾಲು.

“ತಮ್ಮ ಸ್ವಂತದ್ದ ಪಾಲು ಹಾಕಲಿಲ್ಲಲ್ಲ ಇವ್ರು” ಎಂದಳು ಅಕ್ಕ. ನಾನು ಅದನ್ನು ಅವರಿಗೆ ಹೇಳಿದೆ. ಬಟ್ಟಲಲ್ಲಿ ತುಸು ಹಾಲು ಉಳಿದಿತ್ತು.

ಅದನ್ನು ಅವರು ಮಣ್ಣಿಗೆ ಎರೆದರೆಂದು ದಿನಚರಿಯಲ್ಲಿದೆ. ಮೀಸೆ ನೆನೆಯುವಂತೆ ಕುಡಿದದ್ದು ನನ್ನ ಕಣ್ಣಿಗೆ ಕಟ್ಟಿದೆ. ಮೊನ್ನೆ ಇದನ್ನು ಬರೆಯಲು ಕೂತಾಗ ಅಕ್ಕನಿಗೆ ಫೋನು ಮಾಡಿ ಯಾವುದು ಸರಿ ಎಂದು ಕೇಳಿದೆ. ಆ ಕಡೆ ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು ನಿಂತಿತು.

“ಅದೇನು ನೆನಪಿಲ್ಲಪಾ” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಆದ್ರ ಅವರ ಪಾಲು ನಾ ಪಂಚಮಿ ದಿನಾನ ಹಾಕಿದ್ನಿ. ಅವರ ಕೆಲಸ ಆಗ್ಲಿ, ಕುದರಿ ಬರಿಯೂದು ತಪ್ಪಲಿ ಅಂತ ಎಲ್ಲಾರಕಿಂತ ಹೆಚ್ಚಿಗಿ ಹಾಕಿದ್ನಿ. ಸುಮಿತ್ರಾನ ಹಾಲಿನ ಪಾತೇಲಿ ಇಸಗೊಂಡು, ನಾಗಪ್ಪನ ಬುಡಕ್ಕ. ಅದಕ್ಕ ಬಿತ್ತು ನೋಡದು.”